ಸೂಜಿ ಅಗ್ಗವಾಯಿತು, ನಿಗಾ ಯಾರದು?

ಸೆಮಾಗ್ಲುಟೈಡ್ ಎಂಬ ಮದ್ದಿನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ಗೆ ಮುಗಿಯಿತು. ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಕಂಪನಿ 2025ರ ಜೂನ್‌ನಲ್ಲಿ ಇದನ್ನು ವೆಗೋವಿ ಎಂಬ ಹೆಸರಿನಲ್ಲಿ, ತೂಕ ಇಳಿಸಲೆಂದೇ, ಇಲ್ಲಿನ ಮಾರುಕಟ್ಟೆಗೆ ತಂದಾಗ ತಿಂಗಳ ಖರ್ಚು 17 ಸಾವಿರ ರೂಪಾಯಿಗೂ ಮೇಲಿತ್ತು. ಐದೇ ತಿಂಗಳಲ್ಲಿ ಕಂಪನಿ ತಾನಾಗಿಯೇ ಬೆಲೆ ಇಳಿಸಿತು, ಏಕೆಂದರೆ ದೇಶಿ ತಯಾರಕರು ಬಾಗಿಲಲ್ಲಿ ಕಾದಿದ್ದರು. ಆ ಸಾಲಿನಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕೂಡ ಇತ್ತು. ಮಹಾನಗರದ ಸಿರಿವಂತರ ಗುಟ್ಟಾಗಿದ್ದ ಈ ಸೂಜಿ ಇನ್ನು ನಮ್ಮ ತೆಲಂಗಾಣ ಗಡಿಯ ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ಮೆಡಿಕಲ್ ಅಂಗಡಿಗಳ ಫ್ರಿಜ್ಜಿಗೂ ಬರುವ ಸರಕು. ಬರಲಿ, ಅದಕ್ಕೆ ನನ್ನ ತಕರಾರಿಲ್ಲ. ಬೆಲೆ ಇಳಿದಷ್ಟು ವೇಗವಾಗಿ ನಿಗಾ ಬೆಳೆದಿಲ್ಲ ಎಂಬುದೇ ತಕರಾರು. ಈ ಕೊರತೆಯ ಹೊಣೆಯನ್ನು ರೋಗಿಯ ತಲೆಗೆ ಕಟ್ಟುವಂತಿಲ್ಲ. ಮಾರುವವರು ಮತ್ತು ಮಾರಲು ಅನುಮತಿ ಕೊಟ್ಟವರು ಹೊರಬೇಕು.

ಮದ್ದು ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಒಪ್ಪಿಕೊಂಡೇ ಮಾತಾಡಬೇಕು. 2021ರಲ್ಲಿ ಪ್ರಕಟವಾದ ಸ್ಟೆಪ್-1 ಪ್ರಯೋಗದಲ್ಲಿ 1,961 ಜನರಿದ್ದರು. 68 ವಾರಗಳಲ್ಲಿ ಮದ್ದು ಪಡೆದವರ ತೂಕ ಸರಾಸರಿ ಶೇ 14.9ರಷ್ಟು ಇಳಿಯಿತು, ಬರೀ ನೀರಿನಂಥ ಸೂಜಿ ಪಡೆದವರದು ಶೇ 2.4. 2023ರ ಸೆಲೆಕ್ಟ್ ಪ್ರಯೋಗ 17,604 ಹೃದ್ರೋಗಿಗಳನ್ನು ಗಮನಿಸಿ, ಹೃದಯಾಘಾತ, ಪಾರ್ಶ್ವವಾಯು, ಹೃದಯದ ಕಾರಣದ ಸಾವು ಇವೆಲ್ಲ ಸೇರಿ ಶೇ 20ರಷ್ಟು ಕಡಿಮೆಯಾದವೆಂದು ತೋರಿಸಿತು. ಇದನ್ನು ವಿಷವೆಂದು ಕೂಗುವವರು ಈ ಅಂಕಿಗಳನ್ನು ಓದಿಲ್ಲ. ಪವಾಡವೆಂದು ಹೊಗಳುವವರು ಅದೇ ವರದಿಗಳ ಮುಂದಿನ ಪುಟ ತಿರುವಿಲ್ಲ. ಸ್ಟೆಪ್-1ರಲ್ಲಿ ಮದ್ದು ಪಡೆದ ನೂರರಲ್ಲಿ 44 ಜನರಿಗೆ ಓಕರಿಕೆ, 31 ಜನರಿಗೆ ಭೇದಿ, ಸುಮಾರು 25 ಜನರಿಗೆ ವಾಂತಿ ಆಯಿತು. ಪಿತ್ತಕೋಶದ ತೊಂದರೆ ಎರಡು ಪಟ್ಟಿಗೂ ಹೆಚ್ಚಿತ್ತು. ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪ, ಆದರೆ ಬಂದರೆ ಜೀವಕ್ಕೆ ಎರವಾಗಬಲ್ಲದು. ಕಣ್ಣಿನ ನರಕ್ಕೆ ರಕ್ತ ನಿಂತು ದೃಷ್ಟಿ ಹೋಗುವುದು ಈ ಮದ್ದಿನ ಅತಿ ವಿರಳ ಅಡ್ಡಪರಿಣಾಮ, ಹತ್ತು ಸಾವಿರಕ್ಕೆ ಒಬ್ಬರಲ್ಲಿ ಆಗಬಹುದು ಎಂದು ಯುರೋಪಿನ ಔಷಧ ಸಂಸ್ಥೆ 2025ರ ಜೂನ್‌ನಲ್ಲಿ ತೀರ್ಮಾನಿಸಿತು. ಇನ್ನು ಸೂಜಿ ನಿಲ್ಲಿಸಿದ ಒಂದೇ ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂತು. ಅಂದರೆ ಇದು ಬಿ.ಪಿ. ಗುಳಿಗೆಯ ಹಾಗೆ ವರ್ಷಗಟ್ಟಲೆ ನಡೆಯುವ ಚಿಕಿತ್ಸೆ. ಮದುವೆಗೆ ಮುಂಚೆ ಮೂರು ತಿಂಗಳು ಹಾಕಿಸಿಕೊಂಡು ಬಿಡುವ ಬಾಬತ್ತೇ ಅಲ್ಲ.

ಈ ಅಂಕಿಗಳು ಯಾರ ದೇಹದಿಂದ ಬಂದವು ಎಂದು ಕೇಳಿದರೆ ವಿಷಯ ಇನ್ನಷ್ಟು ಬಿಗಿಯಾಗುತ್ತದೆ. ಸ್ಟೆಪ್-1ರಲ್ಲಿದ್ದವರ ಸರಾಸರಿ ತೂಕ 105 ಕಿಲೋ. ನಾಲ್ವರಲ್ಲಿ ಮೂವರು ಬಿಳಿಯರು. ಜಪಾನ್, ಕೊರಿಯಾ, ಚೀನಾಗಳಲ್ಲೂ ಪ್ರಯೋಗಗಳು ನಡೆದಿವೆ ನಿಜ. ಆದರೂ ನಮ್ಮ ಸೀಮೆಯ ದೇಹದ ಲೆಕ್ಕ ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ತೆಲಂಗಾಣದ ಮಹಿಳೆಯರಲ್ಲಿ ಶೇ 30ರಷ್ಟು ಜನ ಅತಿತೂಕದವರು. ರಕ್ತಹೀನತೆ ಇರುವವರು ಶೇ 57ಕ್ಕೂ ಹೆಚ್ಚು. ಎರಡೂ ಒಂದೇ ಮೈಯಲ್ಲಿ ಕೂಡಿರುವುದು ಇಲ್ಲಿ ಸಾಮಾನ್ಯ: ಹೊಟ್ಟೆ ಮುಂದೆ, ಕೈಕಾಲು ಸಣ್ಣ, ಮಾಂಸಖಂಡ ಮೊದಲೇ ಕಡಿಮೆ. ಸ್ಟೆಪ್-1ರ ಒಂದು ಸಣ್ಣ ಗುಂಪನ್ನು ಸ್ಕ್ಯಾನ್ ಮಾಡಿದಾಗ ಇಳಿದ ತೂಕದ ಐದರಲ್ಲಿ ಎರಡು ಪಾಲಿನಷ್ಟು ಕೊಬ್ಬಲ್ಲದ ಭಾಗವೇ ಆಗಿತ್ತು. 105 ಕಿಲೋ ದೇಹ ಅದನ್ನು ತಾಳಿಕೊಂಡೀತು. 68 ಕಿಲೋ ತೂಕದ, ರಕ್ತ ಕಡಿಮೆ ಇರುವ, ಹಸಿವು ಸತ್ತಮೇಲೆ ಅರ್ಧ ರೊಟ್ಟಿಗೆ ಕೈ ತೊಳೆಯುವ ಹೆಣ್ಣುಮಗಳಿಗೆ ಏನಾಗಬೇಕು? ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಗೌರವ ಸಿಕ್ಕಿತು. ಅದನ್ನು ಬೆಳೆಯುವ ಮನೆಯ ಹೆಂಗಸಿನ ತಟ್ಟೆಗೆ, ಮಾಂಸಖಂಡ ಕಾಯಲು, ದಿನಕ್ಕೆಷ್ಟು ಬೇಳೆ ಬೀಳುತ್ತದೆ ಎಂದು ಸೂಜಿ ಬರೆಯುವ ಮೊದಲು ಕೇಳುವವರು ಬೇಕು.

ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ವಾಸ್ತವಕ್ಕೆ ಬನ್ನಿ. ಸೂಜಿಯನ್ನು ವಾರಕ್ಕೊಮ್ಮೆ 0.25 ಮಿಲಿಗ್ರಾಂನಿಂದ ಆರಂಭಿಸಿ, ನಾಲ್ಕು ನಾಲ್ಕು ವಾರಕ್ಕೊಂದು ಮೆಟ್ಟಿಲಿನಂತೆ 2.4ರವರೆಗೆ ಏರಿಸಬೇಕು. ಅವಸರದಲ್ಲಿ ಮೆಟ್ಟಿಲು ಹಾರಿದರೆ ವಾಂತಿ ಭೇದಿ, ಅದರಿಂದ ನೀರಿಳಿತ, ಅದರಿಂದ ಕಿಡ್ನಿಗೆ ಪೆಟ್ಟು. ಏಪ್ರಿಲ್-ಮೇ ಬಿಸಿಲಿನಲ್ಲಿ ತಾಂಡೂರಿನ ಕಲ್ಲುಗಣಿಯಲ್ಲೋ ಜಹೀರಾಬಾದಿನ ಕಬ್ಬಿನ ಹೊಲದಲ್ಲೋ ದುಡಿಯುವ ಮೈಗೆ ಈ ಸರಪಳಿ ಕಾಗದದ ಮೇಲಿನ ಭಯವಲ್ಲ. ಇದಕ್ಕಿಂತ ಹೆಚ್ಚಿನ ಅಪಾಯ ಶುಗರ್ ಇರುವವರದು. ಗ್ಲಿಮೆಪಿರೈಡ್ ಸೇರಿದ ಗುಳಿಗೆಯನ್ನು ವರ್ಷಗಳಿಂದ ನುಂಗುತ್ತಿರುವವರು ಅದರ ಪ್ರಮಾಣ ತಗ್ಗಿಸದೆ ಈ ಸೂಜಿಯನ್ನೂ ಹಾಕಿಸಿಕೊಂಡರೆ ಸಕ್ಕರೆ ಥಟ್ಟನೆ ಕುಸಿಯಬಹುದು. ಬಳಕೆಗೆ ಮುಂಚೆ ಮದ್ದನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ನಮ್ಮ ಬೇಸಿಗೆಯಲ್ಲಿ ಕರೆಂಟು ಹೋದ ಮಧ್ಯಾಹ್ನ ಅಂಗಡಿಯೊಳಗೆ ಎಷ್ಟು ಡಿಗ್ರಿ ಇರುತ್ತದೆಂದು ಎಲ್ಲರಿಗೂ ಗೊತ್ತು. ಅಳತೆ ಕಟ್ಟಿದ ಚುಚ್ಚುಪೆನ್ನಿಗಿಂತ ಮದ್ದಿನ ಸೀಸೆ ಅಗ್ಗ, ಆದರೆ ಸೀಸೆಯಿಂದ ಸಿರಿಂಜಿಗೆ ಎಳೆದುಕೊಳ್ಳುವಾಗ ಲೆಕ್ಕ ತಪ್ಪುತ್ತದೆ. ಅಮೆರಿಕದಲ್ಲೇ ಜನ ಹೇಳಿದ್ದಕ್ಕಿಂತ ಐದರಿಂದ ಇಪ್ಪತ್ತು ಪಟ್ಟು ಹೆಚ್ಚು ಮದ್ದು ಚುಚ್ಚಿಕೊಂಡು ಆಸ್ಪತ್ರೆ ಸೇರಿದ್ದರಿಂದ ಅಲ್ಲಿನ ಔಷಧ ಸಂಸ್ಥೆ 2024ರ ಜುಲೈನಲ್ಲಿ ಎಚ್ಚರಿಕೆ ಹೊರಡಿಸಬೇಕಾಯಿತು.

ಇಷ್ಟೆಲ್ಲ ಅಪಾಯಗಳಲ್ಲಿ ಬಹುಪಾಲನ್ನು ಮೊದಲು ಗುರುತಿಸಬೇಕಾದವರು ರೋಗಿಯೇ. ಬೆನ್ನಿಗೆ ಹರಿಯುವ ಹೊಟ್ಟೆನೋವು, ಒಮ್ಮೆಗೇ ಮಂಜಾದ ಕಣ್ಣು, ನಿಲ್ಲದ ವಾಂತಿ: ಇವು ಕಂಡ ಕೂಡಲೇ ಸೂಜಿ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು ಎಂಬ ಅರಿವೇ ಇಲ್ಲಿನ ಮೊದಲ ರಕ್ಷಣೆ. ಆ ಅರಿವು ಡಬ್ಬಿಯೊಳಗೆ ಮಡಚಿಟ್ಟ ಇಂಗ್ಲಿಷ್ ಹಾಳೆಯಲ್ಲಿ ಸೂಕ್ಷ್ಮ ಅಕ್ಷರಗಳಲ್ಲಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ದಖ್ಖನಿ ಆಡುವ ಗಡಿಯ ಜನರಿಗೆ ಆ ಹಾಳೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗರ್ಭ ಧರಿಸುವ ಯೋಚನೆಯಿದ್ದರೆ ಎರಡು ತಿಂಗಳು ಮೊದಲೇ ಸೆಮಾಗ್ಲುಟೈಡ್ ನಿಲ್ಲಿಸಬೇಕು ಎಂಬ ಸಾಲನ್ನು ನಾರಾಯಣಖೇಡದ ಸೊಸೆಗೆ ಓದಿ ಹೇಳುವವರು ಯಾರು?

ಬಡವರಿಗೂ ಒಳ್ಳೆಯ ಮದ್ದು ಸಿಗುವ ಹೊತ್ತಿಗೆ ನಿಯಮದ ಬೇಲಿ ಹಾಕುವುದು ಅನ್ಯಾಯ ಎಂಬ ಆಕ್ಷೇಪ ಇದೆ, ಅದು ಹಗುರವಾದದ್ದೇನಲ್ಲ. ಬೇಲಿ ಹಾಕಿದರೆ ಉಳ್ಳವರು ಹೈದರಾಬಾದಿಗೆ ಹೋಗಿ ತರುತ್ತಾರೆ, ಇಲ್ಲದವರು ಪದವಿಯಿಲ್ಲದೆ ಮದ್ದು ಕೊಡುವ ಆರ್‌ಎಂಪಿಯ ಕೈಗೆ ಬೀಳುತ್ತಾರೆ. ಆದ್ದರಿಂದ ನಾನು ಕೇಳುತ್ತಿರುವುದು ಮದ್ದಿಗೆ ತಡೆ ಅಲ್ಲ, ಊರ ಹತ್ತಿರವೇ ತಪಾಸಣೆ. ಜಹೀರಾಬಾದ್ ಮತ್ತು ತಾಂಡೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಇದಕ್ಕೆಂದೇ ಒಬ್ಬ ಫಿಜಿಷಿಯನ್ ಕುಳಿತರೂ ಸಾಕು. ಇನ್ನೊಂದು ಆಕ್ಷೇಪ ಎದುರು ದಿಕ್ಕಿನದು: ಜೋಳದ ರೊಟ್ಟಿ ತಿನ್ನಿ, ನಡೆಯಿರಿ, ಸೂಜಿ ಯಾಕೆ? ಇಲ್ಲಿನ ಪಸ್ತಾಪುರದ ಸಿರಿಧಾನ್ಯ ಬೆಳೆಯುವ ಹೆಣ್ಣುಮಕ್ಕಳ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದ ನೆಲದಲ್ಲಿ ಈ ಮಾತಿಗೆ ತೂಕ ಇದ್ದೇ ಇದೆ. ಆದರೆ ಹೃದಯ ಕೆಟ್ಟು, ಮಂಡಿ ಸವೆದು, 95 ಕಿಲೋ ಹೊತ್ತು ಕೂತವರಿಗೆ ಉಪದೇಶವನ್ನೇ ಚಿಕಿತ್ಸೆ ಎಂದು ಕೊಡುವುದು ಕ್ರೌರ್ಯ. ಸ್ಥೂಲಕಾಯ ನಡತೆಗೇಡಲ್ಲ, ಕಾಯಿಲೆ.

ಕಾನೂನು ಸಾಕಷ್ಟಿದೆಯಲ್ಲ ಎನ್ನುವವರಿಗೆ ಚರಿತ್ರೆಯನ್ನೇ ತೋರಿಸಬಹುದು. ತೂಕ ಇಳಿಸುವ ರಿಮೊನಾಬ್ಯಾಂಟ್ ಮನಸ್ಸನ್ನು ಕುಗ್ಗಿಸುತ್ತದೆಂದು ಯುರೋಪು 2008ರಲ್ಲಿ ನಿಲ್ಲಿಸಿತು. ನಾವು ನಿಷೇಧಿಸಿದ್ದು 2009ರ ಡಿಸೆಂಬರ್‌ನಲ್ಲಿ. ಹೃದಯಾಘಾತ ಹೆಚ್ಚಿಸುವ ಸಿಬುಟ್ರಮಿನ್ ಅಮೆರಿಕದಲ್ಲಿ 2010ರ ಅಕ್ಟೋಬರ್‌ನಲ್ಲಿ ಹೋಯಿತು, ಇಲ್ಲಿ 2011ರ ಫೆಬ್ರುವರಿಯಲ್ಲಿ. ಎರಡು ಸಲವೂ ನಮ್ಮ ರೋಗಿಗಳ ವರದಿಗಿಂತ ಮೊದಲು ಹೊರದೇಶದ ಸುದ್ದಿ ನಮ್ಮನ್ನು ಎಚ್ಚರಿಸಿತು. ಸ್ಥೂಲಕಾಯ ಗುಣಪಡಿಸುವುದಾಗಿ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆಯುತ್ತದೆ, ಗೋಡೆಬರಹಗಳು ಮಾತ್ರ ಮಾಸಿಲ್ಲ. ಸೆಮಾಗ್ಲುಟೈಡ್‌ನಂಥ ಹೊಸ ಮದ್ದುಗಳ ಮೇಲೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ದೆಹಲಿ ಹೈಕೋರ್ಟ್ 2025ರ ಜುಲೈನಲ್ಲಿ ವಿಲೇವಾರಿ ಮಾಡುತ್ತ, ತಜ್ಞರ ಅಭಿಪ್ರಾಯ ಪಡೆದು ಮೂರು ತಿಂಗಳಲ್ಲಿ ತೀರ್ಮಾನಿಸುವಂತೆ ಔಷಧ ನಿಯಂತ್ರಕರಿಗೆ ಹೇಳಿತು. ದೆಹಲಿಯ ತೀರ್ಮಾನ ಏನೇ ಇರಲಿ, ನಮ್ಮ ಊರುಗಳಿರುವ ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಜಿಲ್ಲೆಗಳ ಡ್ರಗ್ ಇನ್ಸ್‌ಪೆಕ್ಟರ್ ಅಂಗಡಿಯ ಖರೀದಿ ಬಿಲ್ಲನ್ನೂ ವೈದ್ಯರ ಚೀಟಿಯನ್ನೂ ತಾಳೆ ನೋಡದಿದ್ದರೆ ಅದು ಇಲ್ಲಿಗೆ ಮುಟ್ಟುವುದಿಲ್ಲ.

ಅಡ್ಡಪರಿಣಾಮ ದಾಖಲಿಸುವ ವ್ಯವಸ್ಥೆ ಭಾರತದಲ್ಲಿ 2010ರಿಂದ ಇದೆ, ಈಗ ರೋಗಿಯೇ ವರದಿ ಮಾಡಬಹುದು. ಗಾಜಿಯಾಬಾದಿನ ಫಾರ್ಮಕೋಪಿಯಾ ಆಯೋಗ ನಡೆಸುವ ಈ ಕಾರ್ಯಕ್ರಮದ ನಮೂನೆ ಕನ್ನಡದಲ್ಲೂ ತೆಲುಗಿನಲ್ಲೂ ಸಿಗುತ್ತದೆ. ಶುಲ್ಕವಿಲ್ಲದ ಫೋನ್ ಸಂಖ್ಯೆ 1800-180-3024. ಈ ಸಂಖ್ಯೆಯನ್ನು ಎಲ್ಲ ಔಷಧ ಅಂಗಡಿಗಳೂ ಕಾಣುವಂತೆ ಹಾಕಬೇಕೆಂದು ಕೇಂದ್ರ ಔಷಧ ನಿಯಂತ್ರಕರು 2025ರಲ್ಲಿ ಸೂಚಿಸಿದ್ದಾರೆ. ಸೂಜಿ ಕೊಳ್ಳುವ ಮೊದಲು ನಿಮ್ಮ ಊರಿನ ಮೆಡಿಕಲ್ ಅಂಗಡಿಯ ಗೋಡೆ ನೋಡಿ. ಅಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಯಾಕಿಲ್ಲ ಎಂದು ಅಂಗಡಿಯವರನ್ನೇ ಕೇಳಿ.