ಜ್ವರ ಕೇಳಿದರು, ನಿದ್ದೆ ಕೇಳಲಿಲ್ಲ

2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಟೆಲಿ ಮಾನಸ್’ ಸಹಾಯವಾಣಿಗೆ ಚಾಲನೆ ಸಿಕ್ಕಿತು. 14416ಕ್ಕೆ ಕರೆ ಮಾಡಿದರೆ ದಿನದ 24 ಗಂಟೆಯೂ ಉಚಿತವಾಗಿ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಈ ಸುದ್ದಿ ಓದುವಾಗ ನಾನು ಕೆ.ಎಂ. ದೊಡ್ಡಿಯಿಂದ ಮಂಡ್ಯಕ್ಕೆ ಹೊರಟ ಬಸ್ಸಿನಲ್ಲಿದ್ದೆ. ಖುಷಿಯಾಯಿತು. ಜೊತೆಗೇ ಒಂದು ಪ್ರಶ್ನೆಯೂ ಎದ್ದಿತು: ಎರಡೂವರೆ ವರ್ಷದ ಹಿಂದೆ, ಲಾಕ್‌ಡೌನ್ ದಿನಗಳಲ್ಲಿ ಈ ನಂಬರ್ ನನ್ನ ಬಳಿ ಇದ್ದಿದ್ದರೆ, ಎಲ್ಲಿ ನಿಂತು ಕರೆ ಮಾಡುತ್ತಿದ್ದೆ?

ನಾನು ಖಿನ್ನತೆಗೆ ಚಿಕಿತ್ಸೆ ಪಡೆದವನು. ಊರು ಮದ್ದೂರು–ಮಳವಳ್ಳಿ ರಸ್ತೆಯ ಪಕ್ಕದ ಹಳ್ಳಿ. 2022ರಲ್ಲಿ ಮಂಡ್ಯದಲ್ಲಿ ಮೂರನೇ ವರ್ಷದ ಬಿಇ ಓದುತ್ತಿದ್ದೆ. ಇದನ್ನು ಬರೆಯುತ್ತಿರುವುದು ಅನುಕಂಪಕ್ಕಲ್ಲ. ಲಾಕ್‌ಡೌನ್‌ನಿಂದ ಯುವಕರ ಮನಸ್ಸು ಕೆಟ್ಟಿತು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಲಾಕ್‌ಡೌನ್ ಕಾಯಿಲೆಯನ್ನು ಹೆಚ್ಚಿಸಿದ್ದಷ್ಟೇ ಅಲ್ಲ, ಬಚ್ಚಿಟ್ಟಿತು ಕೂಡ. ನನ್ನ ಅನುಭವದಲ್ಲಿ ಬಚ್ಚಿಟ್ಟಿದ್ದೇ ಹೆಚ್ಚು ಅಪಾಯಕಾರಿ.

2020ರ ಮಾರ್ಚ್ 23ರಂದು ದ್ವಿತೀಯ ಪಿಯುಸಿ ಇಂಗ್ಲಿಷ್ ಪರೀಕ್ಷೆ ನಡೆಯಬೇಕಿತ್ತು. ಉಳಿದಿದ್ದು ಅದೊಂದೇ ಪೇಪರ್. ಅದು ಮುಂದಕ್ಕೆ ಹೋಯಿತು. 25ರಿಂದ ದೇಶವೇ ಬಂದ್ ಆಯಿತು. 21 ದಿನ ಎಂದರು, ಮೇ 3 ಎಂದರು, 17 ಎಂದರು, 31 ಎಂದರು. ಸಿಇಟಿ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಮೊದಲು ಓದಲು ಕೂರುತ್ತಿದ್ದೆ. ಆಮೇಲೆ ಪುಸ್ತಕ ತೆರೆದು ಸುಮ್ಮನೆ ಕೂರುತ್ತಿದ್ದೆ. ಕೊನೆಗೆ ಕೂರುವುದೂ ನಿಂತಿತು. ರಾತ್ರಿ ಮೂರು ಗಂಟೆಗೆ ಎಚ್ಚರ, ಹಗಲೆಲ್ಲ ಮಂಪರು. ಸ್ನಾನ ಮಾಡುವುದೂ ದೊಡ್ಡ ಕೆಲಸ ಅನ್ನಿಸುತ್ತಿತ್ತು. ಅವ್ವ ಮಾಡಿದ ಸೊಪ್ಪಿನ ಸಾರು, ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮನೆಯವರಿಗೆ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಕಂಡಿತ್ತು. ಆದರೆ ಬೇರೆಯವರಿಗಿಂತ ಭಿನ್ನವಾಗಿ ಕಾಣಲಿಲ್ಲ. “ಊರೋರೆಲ್ಲ ಹಿಂಗೇ ಬಿದ್ಕಂಡವ್ರೆ, ಇವ್ನೊಬ್ನಾ?” ಎಂದು ಅವ್ವ ಅಂದರೆ ಅದರಲ್ಲಿ ತಪ್ಪೇನಿತ್ತು? ಹೊತ್ತಾಗಿ ಏಳುವುದು, ಮೊಬೈಲ್ ಹಿಡಿದು ಮಲಗುವುದು, ಯಾರ ಜೊತೆಯೂ ಸೇರದಿರುವುದು ಆಗ ಎಲ್ಲ ಮನೆಯಲ್ಲೂ ಇತ್ತು. ಮನೆಯೊಳಗೇ ಇರಿ, ಯಾರನ್ನೂ ಭೇಟಿಯಾಗಬೇಡಿ ಎಂದು ಸರ್ಕಾರವೇ ಹೇಳುತ್ತಿತ್ತು. ಖಿನ್ನತೆ ಕೂಡ ರೋಗಿಗೆ ಹೇಳುವುದು ಅದನ್ನೇ. ಅಪ್ಪ ಮೊಬೈಲನ್ನು ಬೈದರು. ಅಜ್ಜಿ ದೃಷ್ಟಿ ತೆಗೆದು ನೀವಾಳಿಸಿ ಹಾಕಿತು.

ಏಪ್ರಿಲ್‌ನಲ್ಲಿ ಮಳವಳ್ಳಿಯಲ್ಲಿ ಸೋಂಕು ಕಾಣಿಸಿಕೊಂಡು ಬಡಾವಣೆಗಳು ಸೀಲ್‌ಡೌನ್ ಆದವು. ಮೇ ತಿಂಗಳಲ್ಲಿ ಮುಂಬೈಯಿಂದ ಬಂದವರಲ್ಲಿ ಸೋಂಕು ಪತ್ತೆಯಾಗಿ ಜಿಲ್ಲೆಯ ಲೆಕ್ಕ ಏರಿತು. ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆ ಮನೆ ಸುತ್ತಿ ಜ್ವರವಿದೆಯಾ, ಕೆಮ್ಮಿದೆಯಾ, ಗಂಟಲು ನೋವಿದೆಯಾ ಎಂದು ಕೇಳಿ ಬರೆದುಕೊಂಡರು. ಆರೋಗ್ಯ ಸೇತು ಆ್ಯಪ್ ಕೂಡ ಅದನ್ನೇ ಕೇಳಿತು. ಎಲ್ಲದಕ್ಕೂ ಇಲ್ಲ ಎಂದೆ. ಮೊಬೈಲ್‌ನಲ್ಲಿ ಹಸಿರು ಬಣ್ಣ ಬಂತು, ನೀನು ಸುರಕ್ಷಿತ ಎಂದು. ನಿದ್ದೆ ಬರುತ್ತಿದೆಯಾ ಎಂದು ಯಾರೂ ಕೇಳಲಿಲ್ಲ. ಅವರ ಫಾರ್ಮಿನಲ್ಲಿ ಆ ಕಾಲಂ ಇರಲಿಲ್ಲ.

ಕೊನೆಗೆ ಜೂನ್ 18ರಂದು ಇಂಗ್ಲಿಷ್ ಪರೀಕ್ಷೆ ನಡೆಯಿತು. ಕೇಂದ್ರದ ಹೊರಗೆ ಗೆಳೆಯರು ಮಾಸ್ಕ್ ಕೆಳಗಿಳಿಸಿ ನಗುತ್ತಿದ್ದರು. ಮೂರು ತಿಂಗಳು ಅವರೂ ಬೇಸರದಲ್ಲಿದ್ದವರೇ. ಬಾಗಿಲು ತೆರೆದಾಗ ಅವರು ಎದ್ದು ಹೊರಗೆ ಬಂದರು. ನನಗೆ ಆಗಲಿಲ್ಲ. ಬೇಸರಕ್ಕೂ ಕಾಯಿಲೆಗೂ ಇರುವ ವ್ಯತ್ಯಾಸ ನನಗೆ ಗೊತ್ತಾಗಿದ್ದು ಅಂದು. ಜುಲೈ ಕೊನೆಯಲ್ಲಿ ಸಿಇಟಿ ಬರೆದೆ, ಸೀಟೂ ಸಿಕ್ಕಿತು. ಡಿಸೆಂಬರ್‌ನಲ್ಲಿ ಆನ್‌ಲೈನ್ ತರಗತಿ ಶುರುವಾಯಿತು. ಕ್ಯಾಮೆರಾ ಆಫ್ ಮಾಡಿ ಹೊದ್ದು ಮಲಗಿದರೂ ಹಾಜರಾತಿ ಸಿಗುತ್ತಿತ್ತು. ಮತ್ತೆ ಅಡಗಿಕೊಳ್ಳಲು ಜಾಗ ಸಿಕ್ಕಿತು. ನಾನಿಲ್ಲದಿದ್ದರೆ ಯಾರಿಗೆ ನಷ್ಟ ಎಂಬ ಯೋಚನೆ ಬರತೊಡಗಿದ್ದು ಆಗಲೇ.

2021ರ ಫೆಬ್ರುವರಿಯಲ್ಲಿ ತಮ್ಮನಿಗೆ ಜ್ವರ ಬಂದಾಗ ಮನೆಗೆ ಬಂದ ಆಶಾ ಅಕ್ಕ ನನ್ನ ಮುಖ ನೋಡಿ, “ಯಾಕಪ್ಪ ಇಷ್ಟು ಸೊರಗೋಗಿದ್ದೀಯ, ನಿದ್ದೆ ಬತ್ತದಾ?” ಎಂದು ಕೇಳಿದರು. ಒಂದು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲಿಗರು ಅವರು. ನನಗೆ ಅಳು ಬಂತು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಹೋಗಿ ಎಂದು ಅಪ್ಪನಿಗೆ ಅವರೇ ಹೇಳಿದರು.

ಈ ಮಂಗಳವಾರದ ವಿಷಯ ನಮ್ಮಲ್ಲಿ ಬಹುತೇಕರಿಗೆ ಗೊತ್ತಿಲ್ಲ. ಕರ್ನಾಟಕದಲ್ಲಿ 2014ರಿಂದ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವಿದೆ. ಅದರಂತೆ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದು ರೋಗಿಗಳನ್ನು ನೋಡುತ್ತಾರೆ. ಇದಕ್ಕೂ ಹಿಂದೆ, 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು ತೋರಿಸಿತ್ತು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇಡೀ ದೇಶಕ್ಕೆ ದಾರಿ ತೋರಿಸಿದ ರಾಜ್ಯದಲ್ಲಿದ್ದೂ ನಾವು ಈಗಲೂ ಯಂತ್ರ, ತಾಯತ ಎನ್ನುತ್ತಿದ್ದೇವೆ.

ವೈದ್ಯರು ನನ್ನನ್ನು ಕೇಳಿದ್ದು ಸರಳ ಪ್ರಶ್ನೆಗಳು. ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿದೆಯಾ? ಮೊದಲು ಇಷ್ಟವಾಗುತ್ತಿದ್ದುದು ಈಗ ಬೇಡ ಅನ್ನಿಸುತ್ತಿದೆಯಾ? ನಿದ್ದೆ, ಹಸಿವು ಹೇಗಿದೆ? ಸುಸ್ತು, ಮರೆವು, ಎಲ್ಲ ತನ್ನದೇ ತಪ್ಪು ಎಂಬ ಭಾವನೆ ಇದೆಯಾ? ಸಾಯುವ ಯೋಚನೆ ಬಂದಿದೆಯಾ? ಹೌದು ಎಂದೆ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ಚೆನ್ನಾಗಿದ್ದೀನಿ ಅನ್ನಿಸಿದ ತಕ್ಷಣ ನಿಲ್ಲಿಸಬೇಡ ಎಂದರು. ಅಪ್ಪ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿನಲ್ಲಿ ಇಟ್ಟುಕೊಂಡರು. ಊರಲ್ಲಿ ಕೇಳಿದವರಿಗೆಲ್ಲ ‘ಗ್ಯಾಸ್ಟ್ರಿಕ್’ ಎಂದರು.

ಅಷ್ಟರಲ್ಲಿ ಎರಡನೇ ಅಲೆ ಬಂತು. ಮೇ ಆರಂಭದಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ 24 ಮಂದಿ ಸತ್ತ ಸುದ್ದಿ ಮನೆಯಲ್ಲಿ ಎಲ್ಲರನ್ನೂ ನಡುಗಿಸಿತು. ಮೇ 10ರಿಂದ ಮತ್ತೆ ಲಾಕ್‌ಡೌನ್. ಬಸ್ಸಿಲ್ಲ, ನನ್ನ ಮಾತ್ರೆ ಮುಗಿಯುತ್ತಿತ್ತು. ವೈದ್ಯರಿಗೆ ಫೋನ್ ಮಾಡಿದೆವು, ಅವರು ವಾಟ್ಸ್‌ಆ್ಯಪ್‌ನಲ್ಲಿ ಚೀಟಿ ಕಳಿಸಿದರು. ಇದಕ್ಕೆ ಅವಕಾಶ ಕೊಟ್ಟ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂದಿದ್ದು 2020ರ ಮಾರ್ಚ್ 25ರಂದು, ಅಂದರೆ ಮೊದಲ ಲಾಕ್‌ಡೌನ್ ಶುರುವಾದ ದಿನವೇ. ಹತ್ತಿರದ ಮೆಡಿಕಲ್‌ನಲ್ಲಿ ಆ ಮಾತ್ರೆ ಸಿಗಲಿಲ್ಲ. ಅಪ್ಪ ಟಿವಿಎಸ್ ಹತ್ತಿ ಮದ್ದೂರಿಗೆ ಹೊರಟರು, ಹಿಂದೆ ನಾನು. ದಾರಿಯಲ್ಲಿ ಪೊಲೀಸರು ತಡೆದು, ಯಾರಿಗೆ, ಏನು ಕಾಯಿಲೆ ಎಂದು ಕೇಳಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನನ್ ಮಗುಂಗೆ ಸಾ, ಮನ್ಸಿಗೆ ಹುಷಾರಿಲ್ಲ” ಎಂದರು. ಪೊಲೀಸರು ಮೊಬೈಲ್‌ನಲ್ಲಿದ್ದ ಚೀಟಿ ನೋಡಿ ಕಳಿಸಿಕೊಟ್ಟರು. ಮೂರು ತಿಂಗಳಿನಿಂದ ಮುಚ್ಚಿಟ್ಟ ಮಾತನ್ನು ಅಪ್ಪ ನಡುರಸ್ತೆಯಲ್ಲಿ ಆಡಿದ್ದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಅಂದಿನಿಂದ ಮನೆಯಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಮಾತು ನಿಂತಿತು.

ಇದು ನನ್ನೊಬ್ಬನ ಕಥೆಯಲ್ಲ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಪ್ರತಿ 20 ವಯಸ್ಕರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಕಾಡಿದೆ. ಖಿನ್ನತೆ ಇದ್ದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇದು ಕೊರೊನಾಕ್ಕೆ ಮೊದಲಿನ ಸ್ಥಿತಿ. ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಖಿನ್ನತೆ, ಆತಂಕದ ಪ್ರಮಾಣ ಶೇ 25ರಷ್ಟು ಏರಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2019ರಲ್ಲಿ 10,335 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. 2020ರಲ್ಲಿ ಆ ಸಂಖ್ಯೆ 12,526, 2021ರಲ್ಲಿ 13,089. ಎಲ್ಲದಕ್ಕೂ ಲಾಕ್‌ಡೌನ್ ಒಂದೇ ಕಾರಣ ಎನ್ನಲಾಗದು. ಆದರೆ ಬಾಗಿಲು ತೆರೆದ ಮೇಲೂ ಸಂಖ್ಯೆ ಇಳಿಯಲಿಲ್ಲ ಎಂಬುದನ್ನು ಗಮನಿಸಬೇಕು.

ನಮ್ಮದು 2015ರಲ್ಲಿ ಕಬ್ಬು ಬೆಳೆಗಾರರ ಸಾಲು ಸಾಲು ಆತ್ಮಹತ್ಯೆ ಕಂಡ ಜಿಲ್ಲೆ. ಹಾಗಾಗಿ ಸಂಕಟ ಎಂದರೆ ನಮಗೆ ಸಾಲ. ಎಷ್ಟು ಸಾಲವಿತ್ತು ಎಂಬುದೇ ಮೊದಲ ಪ್ರಶ್ನೆ. ಸಾಲ ನಿಜ, ಅದಕ್ಕೆ ಪರಿಹಾರವೂ ಬೇಕು. ಆದರೆ ರೂಪಾಯಿಯಲ್ಲಿ ಲೆಕ್ಕ ಸಿಗದ ಸಂಕಟವನ್ನು ನಾವು ನಂಬುವುದೇ ಇಲ್ಲ. “ನಿಂಗೇನ್ಲಾ ಕಮ್ಮಿಯಾಗದೆ?” ಎಂದು ಕೇಳುತ್ತೇವೆ. ಈ ಪ್ರಶ್ನೆಗೆ ಖಿನ್ನತೆಯಲ್ಲಿರುವವನ ಬಳಿ ಉತ್ತರವಿರುವುದಿಲ್ಲ.

ಮತ್ತೆ ಮೊದಲ ಪ್ರಶ್ನೆಗೆ ಬರುತ್ತೇನೆ. ನಮ್ಮದು ಎರಡು ಕೋಣೆಯ ಮನೆ, ಇರುವವರು ಐದು ಜನ. ಮನಸ್ಸಿನ ಮಾತು ಆಡಲು ಮರೆಯೇ ಇಲ್ಲ. ಗದ್ದೆಯ ಪಂಪ್‌ಸೆಟ್ ಹತ್ತಿರ ಹೋದರೆ ನೆಟ್‌ವರ್ಕ್ ಇಲ್ಲ. 14416 ಒಳ್ಳೆಯ ಹೆಜ್ಜೆ, ಆದರೆ ಅದು ಹಳ್ಳಿಯ ಹುಡುಗ, ಅದಕ್ಕಿಂತ ಹೆಚ್ಚಾಗಿ ಹಳ್ಳಿಯ ಹುಡುಗಿ, ಒಬ್ಬರೇ ಕೂತು ಮಾತಾಡಬಲ್ಲ ಜಾಗವನ್ನೂ ಬೇಡುತ್ತದೆ. ಕಾಲೇಜಿನಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಸಣ್ಣ ಕೋಣೆ ಕೊಟ್ಟರೂ ಸಾಕು. ಮಂಗಳವಾರ ಆಸ್ಪತ್ರೆಗೆ ಹೋದವರ ಹಾಜರಾತಿ ಕತ್ತರಿಸಬಾರದು. ಆಶಾ ಕಾರ್ಯಕರ್ತೆಯರು ಹಿಡಿದು ಬರುವ ಫಾರ್ಮಿನಲ್ಲಿ ನಿದ್ದೆಗೂ ಒಂದು ಕಾಲಂ ಇರಲಿ, ಆ ಹೆಚ್ಚುವರಿ ಕೆಲಸಕ್ಕೆ ಅವರಿಗೆ ಹಣವೂ ಸಿಗಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ನಮ್ಮ ಹಕ್ಕು ಎಂದಿದೆ. ಆ ಹಕ್ಕು ತಾಲ್ಲೂಕು ಆಸ್ಪತ್ರೆಯ ಬೋರ್ಡಿನ ಮೇಲಷ್ಟೇ ಉಳಿಯಬಾರದು.

ಸರ್ಕಾರ ಮಾಡುವವರೆಗೆ ನಾವು ಕಾಯಬೇಕಿಲ್ಲ. ಲಾಕ್‌ಡೌನ್ ಮುಗಿದರೂ ಇನ್ನೂ ಕ್ಯಾಮೆರಾ ಆಫ್ ಮಾಡಿಕೊಂಡೇ ಬದುಕುತ್ತಿರುವ ಗೆಳೆಯರು ನಿಮ್ಮ ತರಗತಿಯಲ್ಲೂ ಇರಬಹುದು. ಅವರಿಗೆ ಬುದ್ಧಿ ಹೇಳಬೇಡಿ, ಪಾಸಿಟಿವ್ ಆಗಿರು ಎನ್ನಬೇಡಿ. ಪಕ್ಕದಲ್ಲಿ ಕೂತು ಒಂದೇ ಮಾತು ಕೇಳಿ: ನಿದ್ದೆ ಬರ್ತಿದೆಯಾ? ಇಲ್ಲ ಎಂದರೆ, ಮಂಗಳವಾರ ಅವರ ಜೊತೆ ನೀವೂ ಬಸ್ಸು ಹತ್ತಿ.