ಹಲ್ಲುಜ್ಜುವ ಬ್ರಷ್ ಅಗ್ಗವಾಯಿತು; ವಸಡಿನ ರೋಗ ತಗ್ಗೀತೆ?

2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್ ಮತ್ತು ಬ್ರಷ್‌ಗಳ ಮೇಲಿನ ಜಿ.ಎಸ್.ಟಿ. ಶೇಕಡಾ 18ರಿಂದ 5ಕ್ಕೆ ಇಳಿಯಿತು. ಹಲ್ಲುಪುಡಿಯ ತೆರಿಗೆ 12ರಿಂದ 5ಕ್ಕೆ ಬಂತು. ಟ್ರ್ಯಾಕ್ಟರ್ ಹಾಗೂ ಹನಿ ನೀರಾವರಿ ಸಾಮಗ್ರಿಗಳ ತೆರಿಗೆಯೂ ಅದೇ ದಿನ ಇಳಿದುದರಿಂದ ಊರ ಕಟ್ಟೆಗಳಲ್ಲಿ ಅವುಗಳ ಮಾತೇ ಮಾತಾಯಿತು. ಬ್ರಷ್ಷಿನ ಕಡೆ ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. ಇನ್ನೊಂದು ಸಂಗತಿಯೂ ಇದೆ. ಬೀಡಿಯ ಮೇಲಿನ ತೆರಿಗೆಯನ್ನು ಶೇಕಡಾ 28ರಿಂದ 18ಕ್ಕೆ ಇಳಿಸುವ ತೀರ್ಮಾನವೂ ಆ ತಿಂಗಳ ಮಂಡಳಿ ಸಭೆಯಲ್ಲೇ ಆಯಿತು. ವಸಡನ್ನು ಕಾಯುವ ವಸ್ತು, ಕೆಡಿಸುವ ವಸ್ತು, ಎರಡಕ್ಕೂ ಒಂದೇ ಸಭೆಯಲ್ಲಿ ರಿಯಾಯಿತಿ!

ಕೃಷಿ ಪುಟದಲ್ಲಿ ಹಲ್ಲಿನ ಮಾತೇಕೆ ಎಂದು ಕೆಲವರು ಕೇಳಬಹುದು. ಬೆಳೆ ನೋಡಲು ಹೊಲಗಳಿಗೆ ಹೋದಾಗ, ತಾವೇ ಬೆಳೆದ ಕಡಲೆಕಾಯಿಯನ್ನು ನಮ್ಮ ಕೈಗಿತ್ತು ತಾವು ಬಾಯಿಗೆ ಹಾಕಿಕೊಳ್ಳದ ರೈತರನ್ನು ಎಷ್ಟೋ ಕಡೆ ನೋಡಿದ್ದೇನೆ. ಐವತ್ತು ತುಂಬುವುದರೊಳಗೆ ಹಲ್ಲು ಅಲ್ಲಾಡತೊಡಗಿರುತ್ತದೆ. "ವಯಸ್ಸಾಯಿತಲ್ಲ" ಎಂಬುದು ಎಲ್ಲರ ಉತ್ತರ. ಇದು ವಯಸ್ಸಿನ ದೋಷವಲ್ಲ, ರೋಗ. ತೀವ್ರವಾದ ವಸಡಿನ ರೋಗ ಪ್ರಪಂಚದಲ್ಲಿ ನೂರು ಕೋಟಿಗೂ ಹೆಚ್ಚು ಜನರಿಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಅಂದಾಜು ಮಾಡಿದೆ.

ರೋಗ ಹುಟ್ಟುವ ಬಗೆ ರೈತರಿಗೆ ಸುಲಭವಾಗಿ ಅರ್ಥವಾಗುವಂಥದು. ಹಲ್ಲು ಮತ್ತು ವಸಡು ಕೂಡುವಲ್ಲಿ ಸೂಕ್ಷ್ಮಾಣುಗಳ ತೆಳು ಲೋಳೆ ದಿನವೂ ಕಟ್ಟುತ್ತದೆ. ಉಜ್ಜಿದರೆ ಅದು ಹೋಗುತ್ತದೆ. ಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಗಡಸು ನೀರಿನ ಕೊಳವೆಬಾವಿಯಿದ್ದವರು ಡ್ರಿಪ್ಪರ್‌ಗಳ ಬಾಯಲ್ಲಿ ಕಟ್ಟುವ ಬಿಳಿ ಪದರವನ್ನು ಬಲ್ಲರು. ಒಮ್ಮೆ ಕಲ್ಲಾದ ಮೇಲೆ ಅದು ನೀರು ಬಿಟ್ಟರೆ ಹೋಗುವುದಿಲ್ಲ. ಹಲ್ಲಿನ ಕಿಟ್ಟವೂ ಹಾಗೆಯೇ, ಯಾವ ಪೇಸ್ಟಿಗೂ ಜಗ್ಗುವುದಿಲ್ಲ.

ಮೊದಲ ಹಂತದಲ್ಲಿ ವಸಡು ಕೆಂಪಾಗಿ ಊದಿ, ಉಜ್ಜಿದಾಗ ರಕ್ತ ಬರುತ್ತದೆ. ನೋವಿರುವುದಿಲ್ಲ, ಅಪಾಯವಿರುವುದೇ ಇಲ್ಲಿ. ಈ ಹಂತದಲ್ಲಿ ಚೊಕ್ಕ ಮಾಡಿಸಿದರೆ ವಸಡು ಪೂರ್ತಿ ಮೊದಲಿನಂತಾಗುತ್ತದೆ. ಕಡೆಗಣಿಸಿದರೆ ರೋಗ ಒಳಗಿಳಿದು ಹಲ್ಲನ್ನು ಹಿಡಿದ ಮೂಳೆಯನ್ನೇ ಕರಗಿಸುತ್ತದೆ. ಬುಡದ ಮಣ್ಣು ಕೊಚ್ಚಿಹೋದ ತೆಂಗಿನಂತೆ ಹಲ್ಲು ವಾಲುತ್ತದೆ, ಬಾಯಿ ನಾರುತ್ತದೆ, ಕೀವು ಬರುತ್ತದೆ. ತೆಂಗಿನ ಬುಡಕ್ಕೆ ಮಣ್ಣು ಏರಿಸಬಹುದು. ಕರಗಿದ ಮೂಳೆ ತಾನಾಗಿ ತಿರುಗಿ ಬರುವುದಿಲ್ಲ.

ಇನ್ನು ಹೊಗೆಸೊಪ್ಪು. ನಿಪ್ಪಾಣಿ ಭಾಗದ ಬೀಡಿ ಸೊಪ್ಪಿನ ಬೆಳೆಗಾರರ ಹೊಟ್ಟೆಪಾಡಿನ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ, ಅದು ಬೇರೆಯೇ ಲೇಖನವಾದೀತು. ಬೀಡಿ, ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ. ಇದನ್ನು ಆರೋಗ್ಯವೆಂದು ತಿಳಿಯುವವರೇ ಹೆಚ್ಚು. ವಾಸ್ತವವಾಗಿ ಹೊಗೆ ರೋಗದ ಸೂಚನೆಯನ್ನು ಮುಚ್ಚಿಡುತ್ತದೆ, ಒಳಗೆ ಮೂಳೆ ಇನ್ನೂ ಬೇಗ ಸವೆಯುತ್ತದೆ. ಹೊಗೆಸೊಪ್ಪು ಒತ್ತರಿಸಿಡುವ ಜಾಗದಲ್ಲಿ ವಸಡು ಕೆಳಗೆ ಸರಿದು ಬೇರು ಕಾಣುತ್ತದೆ. ಅಡಿಕೆ, ಗುಟ್ಕಾ ಅಗಿದು ಬಾಯಿ ಬಿಗಿದವರಿಗಂತೂ ಬ್ರಷ್ ಒಳಗೆ ಹೋಗುವುದೇ ಕಷ್ಟ. ಪೇಸ್ಟು, ಹಲ್ಲುಪುಡಿಗಳಲ್ಲಿ ಹೊಗೆಸೊಪ್ಪು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆದರೂ ಹುರಿದ ಹೊಗೆಸೊಪ್ಪಿನ ಪುಡಿಯಿಂದ ಹಲ್ಲುಜ್ಜುವ ಚಟ ಬಿಡದವರು ಇದ್ದಾರೆ.

ಸಕ್ಕರೆ ಕಾಯಿಲೆಗೂ ಇದಕ್ಕೂ ಎರಡು ಕಡೆಯ ನಂಟು. ಸಕ್ಕರೆ ಏರಿದರೆ ವಸಡು ಕೆಡುತ್ತದೆ. ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲು ರಾಜ್ಯ ಸರ್ಕಾರ 2014–15ರಲ್ಲಿ ದಂತಭಾಗ್ಯ ಯೋಜನೆ ತಂದಿತು. ಒಳ್ಳೆಯ ಕೆಲಸವೇ. ಆದರೆ ಅದು ಹಲ್ಲು ಹೋದ ಮೇಲಿನ ಪರಿಹಾರ, ಬೆಳೆ ಹೋದ ಮೇಲೆ ಬರುವ ವಿಮೆಯ ಹಣದಂತೆ. ಹಲ್ಲು ಇರುವಾಗಲೇ ಕಿಟ್ಟ ತೆಗೆಸುವ ಕೆಲಸಕ್ಕೆ ಅಂಥ ಹೆಸರೂ ಇಲ್ಲ, ಪ್ರಚಾರವೂ ಇಲ್ಲ. ತೆರಿಗೆ ಇಳಿಕೆಯ ಮಿತಿಯೂ ಇದೇ: ಬ್ರಷ್ ಹೊಸ ಲೋಳೆಯನ್ನು ತೆಗೆದೀತು, ಹಳೆಯ ಕಿಟ್ಟವನ್ನಲ್ಲ.

ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬ ಹೆದರಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಕಿಟ್ಟ ತುಂಬಿದ್ದ ಸಂದು ತೆರೆದಾಗ, ಊತ ಇಳಿದಾಗ ಹಾಗೆ ತೋರುತ್ತದೆ, ಅಷ್ಟೆ. ಕೆಲವು ದಿನ ತಣ್ಣೀರು ಜುಂ ಎನ್ನಬಹುದು. ಬಾವು ಬಂದಾಗಲೆಲ್ಲ ಅಂಗಡಿಯ ಗುಳಿಗೆ ನುಂಗುವುದು, ಉಪ್ಪುನೀರು ಮುಕ್ಕಳಿಸುವುದು ತಾತ್ಕಾಲಿಕ ಶಮನ ಮಾತ್ರ; ಕಿಟ್ಟ ಅಲ್ಲೇ ಇರುತ್ತದೆ.

ಮೆತ್ತನೆಯ ಬ್ರಷ್ಷಿನಿಂದ ಬೆಳಿಗ್ಗೆ ಮತ್ತು ಮಲಗುವ ಮುಂಚೆ, ವಸಡಿನ ಅಂಚು ಸೇರುವಂತೆ, ಎರಡು ನಿಮಿಷ ಉಜ್ಜಬೇಕು. ಬೇವಿನ ಕಡ್ಡಿ ಹೊರಮೈಗೆ ಸಾಕಾದೀತು; ಒಳಮೈಗೆ, ದವಡೆಯ ಹಿಂದಕ್ಕೆ ಅದು ತಲುಪದು. ಇದ್ದಲು, ಇಟ್ಟಿಗೆ ಪುಡಿ ಬೇಡ. ಎಳೆಗಳು ಬಾಗಿದ ಬ್ರಷ್ಷನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ.

ರಕ್ತ ಕಂಡವರು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೋ ಹತ್ತಿರದ ದಂತ ಕಾಲೇಜಿಗೋ ಹೋಗಿ "ಕಿಟ್ಟ ತೆಗೆಯಿರಿ" ಎಂದೇ ಕೇಳಬೇಕು. ಸಕ್ಕರೆ ಕಾಯಿಲೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ಮಾತ್ರೆಯ ಚೀಟಿಯನ್ನೂ ಕೊಂಡೊಯ್ಯಿರಿ.