ಕರ್ತೃವಿಲ್ಲದ ಕಚೇರಿಯ ಮಾತು

ಮುಂಬಯಿಯ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಕಡತಗಳ ನಡುವೆ ಆಯುಷ್ಯ ಸವೆಸಿದವನು ನಾನು. ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಗುಮಾಸ್ತರಾದ ನಮ್ಮ ಹಿರಿಯರಂತೆ, ನಾನೂ ಕಚೇರಿಯ ಇಂಗ್ಲಿಷನ್ನು ಕಲಿತದ್ದು ಹಳೆಯ ಕಡತಗಳಿಂದಲೇ. ಹಿಂದಿನವರ ಟಿಪ್ಪಣಿಯನ್ನು ಅಕ್ಷರಶಃ ಅನುಕರಿಸಬಲ್ಲವನೇ ಬಲ್ಲವನೆಂಬುದು ಅಂದಿನ ನಂಬಿಕೆ.

ಆ ಬಲ್ಲತನದ ಬೆಲೆಯನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಕಚೇರಿಯ ಜವಾನರೊಬ್ಬರು. ಕುಂದಾಪುರದ ಕಡೆಯವರು, ನಾನು ಅಣ್ಣನೆಂದೇ ಕರೆಯುತ್ತಿದ್ದೆ. ಮಗಳ ಮದುವೆಗಾಗಿ ಭವಿಷ್ಯನಿಧಿಯಿಂದ ಮುಂಗಡ ಕೋರಿ ಅರ್ಜಿ ಸಲ್ಲಿಸಿದ್ದರು. ಅರ್ಜಿಯೊಡನೆ ಇರಬೇಕಾದ ಕಾಗದವೊಂದು ಇರಲಿಲ್ಲ. ಅದನ್ನು ನೇರವಾಗಿ ಹೇಳುವುದರ ಬದಲು ನಾನು ವಾಡಿಕೆಯಂತೆ, ‘ತಮ್ಮ ಮನವಿಯು ಸಕ್ರಿಯ ಪರಿಶೀಲನೆಯಲ್ಲಿದ್ದು, ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬರ್ಥದ ಇಂಗ್ಲಿಷ್ ಪತ್ರ ಕಳುಹಿಸಿದೆ. ಪಕ್ಕದ ಖೋಲಿಯ ಹುಡುಗ ಅದನ್ನು ಓದಿ, ಹಣ ಬರುವುದೆಂದು ಅರ್ಥ ಹೇಳಿದ. ಅವರು ಮುಹೂರ್ತ ಇಡಿಸಿದರು. ಹಣ ಬರಲಿಲ್ಲ, ಬಡ್ಡಿಗೆ ಸಾಲ ತಂದು ಮದುವೆ ಮಾಡಿದರು. ‘ಕಾಗದ ಒಂದು ಕಡಿಮೆ ಉಂಟು ಅಂತ ಒಂದು ಮಾತು ಹೇಳಿದ್ದರೆ ಮರುದಿನವೇ ತಂದುಕೊಡುತ್ತಿದ್ದೆನಲ್ಲ, ಮಾರಾಯ್ರೆ’ ಎಂದು ಅವರಂದದ್ದು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಆ ಪತ್ರದಲ್ಲಿ ವ್ಯಾಕರಣದೋಷವಿರಲಿಲ್ಲ. ಇಲ್ಲದಿದ್ದುದು ಕರ್ತೃ. ಪರಿಶೀಲಿಸುವವರು ಯಾರು, ಎಂದಿನೊಳಗೆ, ಅರ್ಜಿದಾರ ಮಾಡಬೇಕಾದುದೇನು ಎಂಬ ಮೂರು ಪ್ರಶ್ನೆಗಳಿಗೂ ಅಲ್ಲಿ ಉತ್ತರವಿರಲಿಲ್ಲ. ಕರ್ಮಣಿ ಪ್ರಯೋಗವು ಕಚೇರಿಗಳಿಗೆ ಪ್ರಿಯವಾಗಿರುವುದು ಇದಕ್ಕಾಗಿಯೇ: ನಾಳೆ ತಪ್ಪಾದರೆ ಹೊಣೆ ಯಾರ ತಲೆಗೂ ಬಾರದು. ಕಚೇರಿಯ ಅಸ್ಪಷ್ಟತೆ ಅನೇಕ ವೇಳೆ ಅಜ್ಞಾನದಿಂದ ಹುಟ್ಟಿದ್ದಲ್ಲ, ಅಂಜಿಕೆಯಿಂದ ಹುಟ್ಟಿದ್ದು. ಯಶವಂತ ಚಿತ್ತಾಲರ ‘ಶಿಕಾರಿ’ (1979) ಈ ಮಹಾನಗರದ ಕಚೇರಿ ಲೋಕದ ಕಾದಂಬರಿ; ಅದರ ನಾಗಪ್ಪನ ತಳಮಳದ ಹಿಂದೆಯೂ ಇಂಥದೇ ಮುಖವಿಲ್ಲದ ಅಧಿಕಾರವಿದೆ.

ಇದು ಆಂಗ್ಲರು ಬಿಟ್ಟುಹೋದ ಬಳುವಳಿ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅವರೇ ಅದನ್ನು ತಿದ್ದಿಕೊಳ್ಳಲು ಹೊರಟರು. 1940ರ ಆಗಸ್ಟ್‌ನಲ್ಲಿ, ಯುದ್ಧದ ಗದ್ದಲದ ನಡುವೆಯೂ, ಪ್ರಧಾನಿ ಚರ್ಚಿಲ್ ವರದಿಗಳನ್ನು ಚಿಕ್ಕದಾಗಿ ಬರೆಯಿರೆಂದು ಸಹೋದ್ಯೋಗಿಗಳಿಗೆ ಟಿಪ್ಪಣಿ ಕಳುಹಿಸಿದರು. 1948ರಲ್ಲಿ ಸರ್ ಅರ್ನೆಸ್ಟ್ ಗವರ್ಸ್ ಅಲ್ಲಿನ ಖಜಾನೆ ಇಲಾಖೆಯ ಕೋರಿಕೆಯ ಮೇರೆಗೆ ಅಧಿಕಾರಿಗಳಿಗಾಗಿಯೇ ‘ಪ್ಲೇನ್ ವರ್ಡ್ಸ್’ ಎಂಬ ಪುಸ್ತಕ ಬರೆದರು. ನಾವು ಮಾತ್ರ ಅವರು ಕಳಚಲೆತ್ನಿಸಿದ ಅಂಗಿಯನ್ನೇ ಇಸ್ತ್ರಿ ಮಾಡಿ ತೊಡುತ್ತಿದ್ದೇವೆ. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಿಮಾಚಲ ಪ್ರದೇಶ ಉಚ್ಚ ನ್ಯಾಯಾಲಯದ ತೀರ್ಪೊಂದನ್ನು, ಅದರ ಇಂಗ್ಲಿಷ್ ಅರ್ಥವಾಗದ ಕಾರಣ, ಹಿಂದಕ್ಕೆ ಕಳುಹಿಸಬೇಕಾಯಿತು. ಅದು ಮನೆ ಮಾಲಿಕ ಮತ್ತು ಬಾಡಿಗೆದಾರರ ವ್ಯಾಜ್ಯ. ಅಸ್ಪಷ್ಟ ವಾಕ್ಯದ ದಂಡ ತೆರುವವರು ಬರೆದವರಲ್ಲ, ಕಾಯುತ್ತಿರುವವರು.

ಹಾಗಾದರೆ ಕನ್ನಡದಲ್ಲಿ ಬರೆದರೆ ಸಾಕೆ? ಸಾಲದು. ಕರ್ನಾಟಕದಲ್ಲಿ ಆಡಳಿತ ಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಆದರೂ ಅಲ್ಲಿನ ಸುತ್ತೋಲೆಗಳಲ್ಲಿ ‘ಸೂಚಿಸಲಾಗಿದೆ’, ‘ಪರಿಗಣಿಸಲಾಗುವುದು’ ಎಂಬ ಇಂಗ್ಲಿಷಿನ ನೆರಳೇ ಓಡಾಡುತ್ತದೆ. ವಾಸ್ತವದಲ್ಲಿ ನಮ್ಮ ನುಡಿ ಬಹು ಪ್ರಾಮಾಣಿಕವಾದದ್ದು. ‘ಬರೆದೆ’ ಎಂದರೆ ಬರೆದವನು ನಾನೆಂಬುದು ಆ ಪದದೊಳಗೇ ಇದೆ. ‘ಬರೆಯಲಾಯಿತು’ ಎಂದಾಗ ಮಾತ್ರ ಅವನು ಬಾಗಿಲ ಹಿಂದೆ ಅಡಗುತ್ತಾನೆ.

ಮಾತಿಗೂ ಇದೇ ನಿಯಮ. ಸಭೆಗಳಲ್ಲಿ ನಮ್ಮ ಹುಡುಗರು ಇಂಗ್ಲಿಷ್ ಉಚ್ಚಾರದ ಅಳುಕಿನಿಂದ ಬಾಯಿ ಬಿಡುವುದಿಲ್ಲ. ಬಿಟ್ಟರೆ, ವಿಷಯಕ್ಕೆ ಬರುವ ಮೊದಲು ಐದು ನಿಮಿಷ ಪೀಠಿಕೆ ಹಾಕುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೆ: ಮುಖ್ಯವಾದುದನ್ನು ಮೊದಲು ಹೇಳಿ, ಯಾರು ಏನು ಮಾಡಬೇಕೆಂದು ಹೇಳಿ, ತಾರೀಖು ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ. ಉಚ್ಚಾರ ಊರಿನದಾಗಿದ್ದರೆ ಅವಮಾನವಿಲ್ಲ. ಪತ್ರ ಬರೆದಾದ ಮೇಲೆ, ಅದನ್ನು ಪಡೆಯುವವನ ಸ್ಥಾನದಲ್ಲಿ ಕುಳಿತು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ.

ಹೊರನಾಡಿನ ಸಂಘಗಳು ಕವಿಗೋಷ್ಠಿ, ಯಕ್ಷಗಾನ, ನಾಟಕಗಳ ಜೊತೆಗೆ ವರ್ಷಕ್ಕೆರಡು ಬಾರಿಯಾದರೂ ಅರ್ಜಿ ಬರೆಯುವ, ಸಭೆಯಲ್ಲಿ ಮಾತನಾಡುವ ಅಭ್ಯಾಸಕೂಟ ನಡೆಸಬಾರದೇಕೆ? ಮೊದಲ ಪಾಠವನ್ನು ನಮ್ಮಿಂದಲೇ ಆರಂಭಿಸೋಣ. ನಮ್ಮ ಸಂಘದ ಸೂಚನಾಪತ್ರವೂ ‘ಮಹಾಸಭೆಯನ್ನು ಕರೆಯಲಾಗಿದೆ’ ಎನ್ನುತ್ತದೆ. ಮುಂದಿನ ಬಾರಿ ಕಾರ್ಯದರ್ಶಿಗಳು ‘ಕರೆದಿದ್ದೇನೆ, ಬನ್ನಿ’ ಎಂದು ಬರೆಯಲಿ. ನಾಲ್ಕು ಜನ ಹೆಚ್ಚು ಬಂದಾರು.